ಹೆಳವನ ಹೊತ್ತಿಗೆಯಲ್ಲಿ ಇಲ್ಲದ ಹೆಸರು

ಬಹಳ ಬಹಳ ಹಿಂದೆ, ಗುಬ್ಬಿ ಕಾಗೆಗಳಿಗೂ ಮನೆತನದ ಹೆಸರಿದ್ದ ಕಾಲದಲ್ಲಿ, ಒಂದೂರಲ್ಲಿ ಹೆಸರೇ ಇಲ್ಲದ ಒಂದು ಮನೆಯಿತ್ತಂತೆ. ಆ ಊರಿಗೆ ಬರ ಬಂತು. ಮೊದಲ ವರ್ಷ ಹೊಲ ಸತ್ತವು, ಎರಡನೆಯ ವರ್ಷ ದನ ಸತ್ತವು, ಆಮೇಲೆ ಮನುಷ್ಯರ ಪಾಳಿ. ಆಗ ಹೆಸರಿಲ್ಲದ ಮನೆಯ ಯಜಮಾನ ತನ್ನ ಅಂಗಳದ ಚಪ್ಪಡಿ ಸರಿಸಿದ. ಅದರ ಕೆಳಗೆ, ನೆಲದ ಹೊಟ್ಟೆಯೊಳಗೆ, ಜೋಳ ತುಂಬಿಟ್ಟ ಹಗೇವು ಇತ್ತು. ಹನ್ನೆರಡು ದಿನ ಕೂತು ಊರಿಗೆಲ್ಲ ಜೋಳ ಅಳೆದ. ಊರು ಉಳಿಯಿತು. ಉಳಿದವರು ಬಾಗಿಲಿಗೆ ಬಂದು ಆ ಮನೆಗೆ ಹೆಸರಿಟ್ಟರು: ಹಗೇದವರು.

ಹಂಸಭಾವಿಯ ಹತ್ತಿರದ ಹಳ್ಳಿಯೊಂದರಲ್ಲಿ ವೀರವ್ವಜ್ಜಿ ಈ ಕತೆಯನ್ನು ಹತ್ತಿ ಬಿಡಿಸುತ್ತ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಪ್ರತಿ ಸಲವೂ ಮೊಮ್ಮಗಳು ಅನ್ನವ್ವ ಬಾಯಿ ತೆರೆದು ಕೇಳುತ್ತಿದ್ದಳು. ಹೆಸರಿಲ್ಲದ ಆ ಮನೆ ತಮ್ಮದೇ ಎಂದು ಗೊತ್ತಾದ ಮೇಲಂತೂ ಅವಳಿಗೆ ಯಾರ ಅಡ್ಡಹೆಸರು ಕಿವಿಗೆ ಬಿದ್ದರೂ ಅದರ ಹಿಂದೊಂದು ಕತೆ ಕಾಣತೊಡಗಿತು. ಎದುರುಮನೆಯ ಉಪ್ಪಿನವರ ಹಿರಿಯರು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಬಂದವರು, ಒಂದು ಎತ್ತು ಹೊಳೆಯಲ್ಲಿ ಕುಸಿದು ಅದರ ಉಪ್ಪೆಲ್ಲ ಕರಗಿದ್ದಕ್ಕೆ ಇಂದಿಗೂ ಆ ಮನೆಯ ಸಾರು ಸಪ್ಪೆ. ಕುಲಕರ್ಣಿ ಗೋಪಿಕಾಬಾಯಿಯ ಹಿರಿಯರು ಊರಿನ ಹೊಲಗಳನ್ನೆಲ್ಲ ದಪ್ತರದಲ್ಲಿ ಬರೆದವರು, ಬರೆದು ಬರೆದು ಅವರ ವಂಶದ ಬೆರಳೆಲ್ಲ ಸೊಟ್ಟ. ಇಂಥವನ್ನು ಅಜ್ಜಿ ಅರ್ಧ ಹೇಳಿದರೆ ಅನ್ನವ್ವ ಅರ್ಧ ಕಟ್ಟುತ್ತಿದ್ದಳು.

ಕೌದಿ ಹೊಲಿಯುವ ಮಾಬೂಬಿಯದು ಕಿಲ್ಲೇದಾರ ಮನೆತನ. ಸವಣೂರಿನ ನವಾಬರ ಕಾಲಕ್ಕೆ ಅವಳ ಮುತ್ತಜ್ಜಂದಿರು ಬಂಕಾಪುರದ ಕೋಟೆ ಕಾದವರಂತೆ. ಅನ್ನವ್ವ ಕೇಳಿದರೆ ಅವಳು ಸೂಜಿ ಬಾಯಲ್ಲಿ ಕಚ್ಚಿಕೊಂಡೇ ನಗುತ್ತಿದ್ದಳು.

"ಕಿಲ್ಲೇ ಹಾಳುಬಿದ್ದು ನವಿಲಿಗೆ ಹೋತವಾ. ದಾರ ಅಷ್ಟ ನನಗ ಉಳೀತು. ಅದರಾಗ ಕೌದಿ ಹೊಲಿಯಾಕತ್ತೇನಿ."

ಸಾವಿರದ ಒಂಬೈನೂರ ಮೂವತ್ತೆಂಟರ ಚಳಿಗಾಲದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾಗ ಅನ್ನವ್ವನನ್ನು ಹತ್ತಿರ ಕರೆದಳು. ಹುಡುಗಿಗೆ ಆಗ ಹದಿನಾಲ್ಕು.

"ನಾ ಹೇಳಿದ ಕತಿ ಖರೇ ಅಲ್ಲ, ಅನ್ನವ್ವ. ಊರಿಗೆ ಜ್ವಾಳಾ ಹಂಚಿದ್ದು ಖರೇ. ಮುಂದಿಂದು ಹೇಳಿದ್ನಿ, ಹಿಂದಿಂದು ಬಿಟ್ಟಿನಿ."

ಅನ್ನವ್ವ ಹಾಸಿಗೆಗೆ ಇನ್ನಷ್ಟು ಸರಿದು ಕೂತಳು.

"ನಾವು ಅಕ್ಕ-ತಂಗಿ ಇಬ್ಬರನೂ ಈ ಮನಿಗೇ ತಂದಿದ್ರು. ನನ್ನನ್ನ ಈ ಮನಿ ಹಿರೇಮಗಗ, ತಂಗಿ ಸಂಕವ್ವನ್ನ ಸಣ್ಣಾವಗ ಕೊಟ್ಟಿದ್ರು. ದಾತು-ಈಶ್ವರ ಸಂವತ್ಸರದ ಆ ದೊಡ್ಡ ಬರದಾಗ ನನಗ ಹದಿನಾಕು, ಅಕಿಗೆ ಹನ್ನೆರಡು ತುಂಬಿರಲಿಲ್ಲ. ಹಗೇವು ತೆಗದು ಮೂರು ವರ್ಷ ಆಗಿತ್ತು. ಅಷ್ಟು ದಿನಾ ಮುಚ್ಚಿದ್ದನ್ನ ತೆಗದ್ರ ಒಂದು ದಿನಾ ಬಾಯಿ ಬಿಟ್ಟು ಇಡಬೇಕು, ಆಮ್ಯಾಲ ದೀಪಾ ಇಳಿಬಿಡಬೇಕು. ದೀಪಾ ಆರಿದ್ರ ಒಳಗಿನ ಗಾಳಿ ಕೆಟ್ಟೈತಿ, ಮತ್ತ ಕಾಯಬೇಕು. ಇದು ಮಾವಗ ಗೊತ್ತಿರಲಿಲ್ಲೇನ? ಆದ್ರ ಬಾಯಿ ತೆಗದಿಟ್ರ ಜ್ವಾಳದ ವಾಸನಿ ಓಣಿಗೆಲ್ಲಾ ಹೊಡದು, ಹಸದ ಮಂದಿ ನುಗ್ಗತಾರ ಅಂತ ಹೆದರಿಕಿ. ಊರು ಕೆರಿ ಅಗಿಯಾಕ ಹೋದ ಹೊತ್ತು ನೋಡಿ ಚಪ್ಪಡಿ ಸರಿಸಿದ. ಬಾಯಿ ಸಣ್ಣದು. ಸಂಕವ್ವ ಸಣ್ಣಾಕಿ. ನಡಕ್ಕ ಹಗ್ಗಾ ಕಟ್ಟಿ ಬುಟ್ಟಿ ಕೊಟ್ಟು ಇಳಿಸಿದ. ಹಗ್ಗಾ ಹಿಡದಾಕಿ ನಾನ."

ಅಜ್ಜಿಗೆ ಏದುಸಿರು ಬಂತು. ಅನ್ನವ್ವ ನೀರು ಕುಡಿಸಿದಳು.

"ಬುಟ್ಟಿ ತುಂಬಾಕ ಹಗ್ಗಾ ಬಿಚ್ಚಿದ್ಲು. ಒಮ್ಮೆ ಅಕ್ಕಾ ಅಂದ್ಲು. ಅಷ್ಟ. ನಾ ಜಗ್ಗಿದ್ರ ಬರೇ ಹಗ್ಗಾ ಬಂತು. ಮಂದಿ ಕೆರಿಯಿಂದ ಬರೂ ಹೊತ್ತಾತು ಅಂತ ಮಾವ ಚಪ್ಪಡಿ ಮುಚ್ಚಿದ. ಮೂರನೇ ದಿನಾ ಕೊಂಡಿ ಹಾಕಿ ತೆಗದ್ರು. ಹೆಣಾ ಬಿದ್ದ ಜ್ವಾಳಾ ನಮ್ಮ ಮನ್ಯಾಗ ಯಾರು ಉಣ್ಣಾವರು? ಅದಕ್ಕ ಊರಿಗೆ ಅಳದ್ರು. ಜ್ವರಾ ಬಂದು ಸತ್ಲು ಅಂತ ಹೇಳಿದ್ರು. ಸಣ್ಣಾವಗ ಮತ್ತೊಂದು ಲಗ್ನಾ ಮಾಡಿದ್ರು. ಹೆಳವನ ಹೊತ್ತಿಗ್ಯಾಗ ಆ ಎರಡನೇದಾಕಿ ಐತಿ. ಸಂಕವ್ವ ಇಲ್ಲ."

ಹೆಳವ ಎಂದರೆ ಮನೆತನಗಳ ವಂಶಾವಳಿ ಇಟ್ಟುಕೊಂಡವನು. ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಬಾಗಿಲಿಗೆ ಬಂದು, ಯಾರ ಮಗ ಯಾರು, ಮನೆಗೆ ಹೆಸರು ಹೇಗೆ ಬಂತು ಎಂದು ಓಣಿಗೆಲ್ಲ ಕೇಳುವಂತೆ ಓದುತ್ತಾನೆ. ಅವನು ಓದಿದ್ದೇ ನಿಜ. ಓದದಿದ್ದವರು ಹುಟ್ಟೇ ಇಲ್ಲ.

"ನಮ್ಮ ಬಾಗಲದಾಗ, ನಾಕು ಮಂದಿ ಕೇಳೂ ಹಂಗ, ಅವನ ಬಾಯಾಗ ಅಕಿ ಹೆಸರು ಬರಬೇಕು," ಎಂದಳು ಅಜ್ಜಿ. "ಅರವತ್ತು ವರ್ಷ ನನ್ನ ಕೈಲೆ ಆಗಲಿಲ್ಲ. ಸೊಸಿ ಹೇಳಿದ್ರ ಹೆಳವ ಬರಕೊಳ್ಳಂಗಿಲ್ಲ. ಆ ಹೆಸರಿನಾಗ ಹುಟ್ಟಿದವರು ಹೇಳಬೇಕು. ನೀ ಹುಟ್ಟೀದಿ. ಆದ್ರ ನಿನ್ನ ಮ್ಯಾಲ ಲಗ್ನದ ಅಕ್ಕಿಕಾಳು ಬಿದ್ದಿಂದ ನೀನೂ ಮತ್ತೊಂದು ಮನಿಯಾಕಿ. ಅಷ್ಟರೊಳಗ ಹೇಳಸು. ಹೇಳಸ್ತಿಯೇನ?"

"ಹೇಳಸ್ತೇನಿ."

ಎರಡು ದಿನಕ್ಕೆ ಅಜ್ಜಿ ತೀರಿಕೊಂಡಳು. ಹೆಳವ ಆ ವರ್ಷದ ಸುಗ್ಗಿಗೇ ಬಂದು ಹೋಗಿದ್ದ. ಅನ್ನವ್ವ ಕಾಯಬೇಕಾಯಿತು.

ಕಾಯುವುದು ಮೊದಮೊದಲು ಕಷ್ಟವೆನಿಸಲಿಲ್ಲ. ಆದರೆ ಮೂರನೆಯ ವರ್ಷ ಅಪ್ಪ ಬಸವಣ್ಣೆಪ್ಪ ಶಿಗ್ಗಾಂವಿಯಲ್ಲಿ ಗಂಡು ಗೊತ್ತು ಮಾಡಿಕೊಂಡು ಬಂದ. ಮೆಣಸಿನಕಾಯಿ ಮನೆತನ, ಬ್ಯಾಡಗಿ ಪೇಟೆಯವರೆಗೂ ಬಂಡಿ ಓಡಿಸುವವರು. "ಹಗೇದವರ ಹುಡುಗಿ ಅಂದ್ರ ಮುಗೀತು, ಬ್ಯಾರೆ ಏನೂ ಕೇಳಂಗಿಲ್ಲ ಅಂದ್ರು," ಎಂದು ಅಪ್ಪ ಮೂರು ಸಲ ಹೇಳಿದ. ಹುಡುಗ ಒಮ್ಮೆ ಬಂದು ಹೋದ. ಕಟ್ಟೆಯ ಮೇಲೆ ಕೂತವನು ಚಹಾದ ಬಟ್ಟಲನ್ನು ತಾನೇ ಎದ್ದು ಒಳಗೆ ತಂದಿಟ್ಟ. ಅಷ್ಟು ಸಾಕಾಯಿತು ಅನ್ನವ್ವನಿಗೆ. ಮಾಳಿಗೆಯ ತುಂಬ ಕೆಂಪಗೆ ಹರವಿದ ಮೆಣಸಿನಕಾಯಿ, ನಡುವೆ ತಾನು, ಕಾಗೆ ಹೊಡೆಯಲು ಒಂದು ಕೋಲು. ಆ ಮನೆಗೆ ಆ ಹೆಸರು ಬಂದ ಕತೆಯನ್ನೂ ಅವಳು ಕಟ್ಟತೊಡಗಿದ್ದಳು.

ಲಗ್ನ ವೈಶಾಖಕ್ಕೆ. ಹೆಳವ ಯಾವಾಗ ಬರುತ್ತಾನೋ ಗೊತ್ತಿಲ್ಲ.

ಅಜ್ಜಿ ಜ್ವರದಲ್ಲಿ ಬಡಬಡಿಸಿರಬಹುದು ಎಂದುಕೊಂಡು ಒಂದು ದಿನ ಅವಳು ಮಾಬೂಬಿಯ ಹತ್ತಿರ ಹೋದಳು. ಸಂಕವ್ವ ಎನ್ನುತ್ತಲೇ ಮಾಬೂಬಿ ಸೂಜಿ ಕೆಳಗಿಟ್ಟಳು.

"ಯಾರು ಹೇಳಿದ್ರು ನಿನಗ?"

"ಅಜ್ಜಿ."

"ನಮ್ಮವ್ವ ಬುಟ್ಟಿ ಹಿಡಕೊಂಡು ನಿಮ್ಮ ಅಂಗಳದಾಗ ಸಾಲಿಗೆ ನಿಂತಿದ್ಲು. ಹೆಣಾ ತೆಗದಿದ್ದು ಊರಿಗೆಲ್ಲಾ ಗೊತ್ತು, ಮಗಳ. ನಮ್ಮ ಪಾಲಿನ ಜ್ವಾಳದಾಗ ಒಂದು ಬಳಿಚೂರು ಸಿಕ್ಕಿತ್ತಂತ, ಹಸರಬಳಿ. ತೆಗದು ಒಗದು, ಏಳು ಸಲ ತೊಳದು, ಕುದಿಸಿ ಉಂಡ್ರು. ನಮ್ಮಣ್ಣ ಅದರ ಮ್ಯಾಲ ಉಳದ. ಹೊಟ್ಟಿ ಅಂಥಾದ್ದು."

"ಮತ್ತ ಹಗೇದವರು ಅಂತ ಹೆಸರು ಯಾಕ ಇಟ್ರಿ?"

ಮಾಬೂಬಿ ಕೌದಿಯ ಮೇಲಿನ ದಾರದ ತುಂಡೊಂದನ್ನು ಕಿತ್ತಳು.

"ಉಂಡವರು ಬಾಯಿಬಿಟ್ಟು ಬೈಯಾಕ ಆಗತೈತೇನ? ನಿಮ್ಮವರು ಮರೀಬಾರದು ಅಂತ ಇಟ್ರು. ನಿಮ್ಮ ಮುತ್ತ್ಯಾ ಅದನ್ನ ಹೊಗಳಿಕಿ ಮಾಡಿಕೊಂಡ. ಹೆಳವಗ ಒಂದು ಜೋಡಿ ಎತ್ತು ಕೊಟ್ಟ. ಮುಂದ ನಮಗೂ ಹೊಗಳಿಕೀನ ರೂಢಿ ಆತು."

ಅನ್ನವ್ವ ಮನೆಗೆ ಬಂದು ಅಪ್ಪನನ್ನು ನೇರವಾಗಿ ಕೇಳಿದಳು. ಬಸವಣ್ಣೆಪ್ಪ ಬಾರುಕೋಲಿಗೆ ಹೊಸ ಹುರಿ ಹಾಕುತ್ತಿದ್ದ. ಕೈ ನಿಲ್ಲಲಿಲ್ಲ.

"ಗೊತ್ತೈತಿ. ಏನೀಗ?"

"ಹೆಳವ ಬಂದಾಗ ಅಕಿ ಹೆಸರು ಓದಸ್ರಿ ಅಪ್ಪಾ. ಅಜ್ಜಿಗೆ ಮಾತು ಕೊಟ್ಟೇನಿ."

"ಊರು ಉಳೀತಲ್ಲ, ಅದು ಸುಳ್ಳೇನ? ಇನ್ನೂರು ಮಂದಿ ಬದುಕಿದ್ರು. ಸತ್ತಾಕಿ ಒಬ್ಬಾಕಿ. ಈಗ ಅಕಿ ಹೆಸರು ತಗದ್ರ ಶಿಗ್ಗಾಂವಿಯವರು ಈ ಬಾಗಲಾ ತುಳೀತಾರೇನ? ನಿನಗ ಲಗ್ನಾ ಬ್ಯಾಡಾಗೇತೇನ?"

"ಬೇಕು," ಎಂದಳು ಅನ್ನವ್ವ. ಅದು ನಿಜವಾಗಿತ್ತು.

"ಹಂಗಾರ ಬಾಯಿ ಮುಚ್ಚಿಕೊಂಡಿರು."

ಮಾಘದ ಕೊನೆಗೆ, ಹಾನಗಲ್ಲ ಕಡೆಯಿಂದ ಹೆಳವ ಊರೂರು ಓದುತ್ತ ಬರುತ್ತಿದ್ದಾನೆ ಎಂಬ ಸುದ್ದಿ ಬಂತು. ಬಸವಣ್ಣೆಪ್ಪನಿಗೆ ಅದು ಶುಭಶಕುನವೆನಿಸಿತು. ಬೀಗರು ತಮ್ಮ ಕಿವಿಯಿಂದಲೇ ಕೇಳಲಿ ಎಂದು ಶಿಗ್ಗಾಂವಿಗೆ ಹೇಳಿ ಕಳಿಸಿದ. ಮಗಳು ಮತ್ತೆ ಆ ಮಾತೆತ್ತಿರಲಿಲ್ಲವಾದ್ದರಿಂದ ಎಲ್ಲ ಮುಗಿದಿದೆ ಎಂದುಕೊಂಡಿದ್ದ.

ಹುಡುಗನ ತಂದೆ ಬೆಳಗ್ಗೆಯೇ ಬಂದು ಕಟ್ಟೆಯ ಮೇಲೆ ಕಂಬಳಿ ಹಾಸಿಸಿಕೊಂಡು ಕೂತರು. ತೂಕದ ಮನುಷ್ಯ, ದೊಡ್ಡ ರುಮಾಲು. ಓಣಿಯ ಹೆಂಗಸರು, ಮುದುಕರು ನೆರೆದರು. ಮಾಬೂಬಿಯೂ ಬಂದು ಗೋಡೆಗೆ ಒರಗಿ ನಿಂತಳು. ಎತ್ತಿನ ಗಂಟೆಯ ಸದ್ದಿನ ಹಿಂದೆ ಹೆಳವ ಯಲ್ಲಪ್ಪ ಬಂದ. ಓದಿ ಮುಗಿಯುವತನಕ ಅವನು ಎತ್ತಿನಿಂದ ಇಳಿಯುವಂತಿಲ್ಲ. ಅನ್ನವ್ವನ ಅವ್ವ ಎತ್ತಿನ ಕಾಲಿಗೆ ನೀರು ಹಾಕಿದಳು.

ಯಲ್ಲಪ್ಪ ಹೊತ್ತಿಗೆ ಬಿಚ್ಚಿದ. ರಾಗವಾದ ದನಿಯಲ್ಲಿ ಏಳು ತಲೆಮಾರು ಇಳಿದು ಬಂದ. ದಾತು-ಈಶ್ವರ ಸಂವತ್ಸರದ ಬರಕ್ಕೆ ಬಂದು ನಿಂತು, ದೊಡ್ಡ ದನಿ ತೆಗೆದ: "ಆ ಹೊತ್ತಿನಾಗ ಈ ಮನಿ ಹಿರಿಯಾ ಹಗೇವಿನ ಬಾಯಿ ತಗದಾ, ಊರ ಬಾಯಿಗೆ ಅನ್ನಾ ಕೊಟ್ಟಾ..."

ಶಿಗ್ಗಾಂವಿಯವರು ಮೆಚ್ಚಿ ತಲೆದೂಗಿದರು.

ಅನ್ನವ್ವ ಹೊಸ್ತಿಲು ದಾಟಿ ಅಂಗಳಕ್ಕೆ ಬಂದಳು. "ಅಲ್ಲೇ ನಿಲ್ಲಸ್ರಿ, ಹೆಳವಪ್ಪಾ. ಅಲ್ಲೊಂದು ಹೆಸರು ಬಿಟ್ಟೈತಿ."

"ಒಳಗ ನಡಿ," ಎಂದ ಬಸವಣ್ಣೆಪ್ಪ.

ಅವಳು ನಡೆಯಲಿಲ್ಲ. ಹಗ್ಗ, ಬುಟ್ಟಿ, ಮುಚ್ಚಿದ ಚಪ್ಪಡಿ, ಮೂರನೆಯ ದಿನ, ಎಲ್ಲವನ್ನೂ ಹೇಳಿದಳು. ಕತೆಯಂತೆ ಹೇಳಲು ಬರಲಿಲ್ಲ, ತುಂಡುತುಂಡಾಗಿ ಬಂತು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ, ಎತ್ತಿನ ಗೊರಸನ್ನೇ ನೋಡಿದಳು.

ಯಲ್ಲಪ್ಪ ಹೊತ್ತಿಗೆಯ ಮೇಲೆ ಕೈಯಿಟ್ಟ. "ಯಾರವಾ ನೀನು? ಈ ಮನಿ ಹೆಸರಿನಾಕಿ ಏನು?"

ಬಸವಣ್ಣೆಪ್ಪ ಎದ್ದ. ಅವನಿಗೆ ದಾರಿ ಹೊಳೆದಿತ್ತು. "ಅಲ್ಲ. ಮಾತು ಆಗೇತಿ, ಈಕೀನ ಶಿಗ್ಗಾಂವಿಗೆ ಕೊಟ್ಟೇವಿ. ಅವರ ಮನಿಯಾಕಿ. ಅಕಿ ಮಾತು ಇಲ್ಲಿ ನಡೆಯಂಗಿಲ್ಲ."

"ಹಂಗಂದ್ರ ನಾ ಬರಿಯಾಕ ಬರಂಗಿಲ್ಲ," ಎಂದ ಯಲ್ಲಪ್ಪ. ಆಮೇಲೆ ಕಟ್ಟೆಯ ಕಡೆ ತಿರುಗಿದ. "ಹೌದೇನ್ರಿ ಯಜಮಾನ್ರ? ಈಕಿ ನಿಮ್ಮಾಕಿ ಏನ್ರಿ?"

ಅವರು ಹೌದು ಎಂದರೆ ಅನ್ನವ್ವನಿಗೆ ಮಾಳಿಗೆ, ಮೆಣಸಿನಕಾಯಿ, ಬಟ್ಟಲು ಎತ್ತಿಟ್ಟ ಹುಡುಗ. ಅವಳಿಗೇ ತಿಳಿಯದಂತೆ ಅವಳ ಒಳಗೊಂದು ದನಿ, ಹೌದು ಅನ್ನಲಿ, ಹೌದು ಅನ್ನಲಿ ಎಂದು ಬೇಡುತ್ತಿತ್ತು.

ಶಿಗ್ಗಾಂವಿಯ ಹಿರಿಯರು ಅಂಗಳದ ಚಪ್ಪಡಿಯನ್ನು ನೋಡಿದರು. ಅದರ ಮೇಲೆಯೇ ಅವರ ಪಾದರಕ್ಷೆ ಇದ್ದವು. ಎದ್ದು ಹೋಗಿ ಅವನ್ನು ಮೆಟ್ಟಿಕೊಂಡರು.

"ಅಕ್ಕಿಕಾಳು ಬಿದ್ದಿಲ್ಲ," ಎಂದರು. "ಈಕಿ ನಮ್ಮಾಕಿ ಅಲ್ಲ. ಹಗೇದವರಾಕಿ."

ಬಂಡಿ ಹೂಡಲು ಹೇಳಿ ಓಣಿಗೆ ನಡೆದರು. ಬಸವಣ್ಣೆಪ್ಪ ಎರಡು ಹೆಜ್ಜೆ ಹಿಂದೆ ಓಡಿದವನು ಅಲ್ಲೇ ನಿಂತ. ತಿರುಗಿ ಬಂದು, ಮಗಳ ಮಗ್ಗುಲಿಗೇ ಹಾದು, ಅವಳನ್ನು ನೋಡದೆ ಒಳಗೆ ಹೋದ. ಅವ್ವ ಬಾಗಿಲಲ್ಲಿ ಕುಸಿದು ಕೂತು ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

"ಹೆಸರಿನಾಕಿ ಆದಿ ಅಂತಾತು," ಎಂದ ಯಲ್ಲಪ್ಪ, ಮೆಲ್ಲಗೆ. ಮಸಿಕುಡಿಕೆ ತೆಗೆದ. "ಸಾಕ್ಷಿ ಬೇಕು ಒಂದು."

"ನಾ ಅದೇನಿ. ಬರಕೋ, ಮಾಬೂಬಿ ಕಿಲ್ಲೇದಾರ," ಎಂದಳು ಮಾಬೂಬಿ ಗೋಡೆ ಬಿಟ್ಟು ಮುಂದೆ ಬಂದು. "ನಮ್ಮವ್ವ ಆ ಜ್ವಾಳಾ ಉಂಡಾಳ."

ಯಲ್ಲಪ್ಪ ಎತ್ತಿನ ಬೆನ್ನಿನ ಮೇಲೆಯೇ ಹೊತ್ತಿಗೆ ಇಟ್ಟುಕೊಂಡು ಬರೆದ. ಅನ್ನವ್ವ ಕೈ ಕಟ್ಟಿ ನಿಂತು ಕಾದಳು. ಮಂದಿ ಅರ್ಧ ಕರಗಿತ್ತು. ಮಸಿ ಆರಲೆಂದು ಒಮ್ಮೆ ಊದಿ, ಅವನು ಮತ್ತೆ ದಾತು-ಈಶ್ವರಕ್ಕೆ ಹಿಂದಿರುಗಿ, ಅದೇ ರಾಗದಲ್ಲಿ ಓದಿದ:

"ಆ ಬರದಾಗ ಈ ಮನಿ ಸಣ್ಣ ಸೊಸಿ, ವೀರವ್ವನ ತಂಗಿ, ಹನ್ನೆರಡು ತುಂಬದ ಕೂಸು, ದೀಪಾ ಇಲ್ಲದ ಹಗೇವಿಗೆ ಇಳದ್ಲು, ತಿರುಗಿ ಬರಲಿಲ್ಲ. ಅಕಿ ಮಲಗಿದ ಜ್ವಾಳಾ ಊರು ಉಂಡಿತು. ಅಕಿಯಿಂದ ಈ ಮನಿಗೆ ಹಗೇದವರು ಅಂತ ಹೆಸರಾತು. ಅಕಿ ಹೆಸರು ಸಂಕವ್ವ."