ಖಲ್ಫಾನನ ಪಾಲಿಗೆ ಉಳಿದದ್ದು

ಮುಹರ್ರಕ್ ವಿಮಾನ ನಿಲ್ದಾಣದ ಅಗ್ನಿಶಾಮಕ ದಳದಲ್ಲಿ ಖಲ್ಫಾನನಷ್ಟು ಧೈರ್ಯದವನು ಇನ್ನೊಬ್ಬನಿರಲಿಲ್ಲ. ಆದರೆ ಅವನ ನಾಲಿಗೆಗೆ ಕಡಿವಾಣವಿಲ್ಲ ಎನ್ನುವುದು ಹೆಣ್ಣು ಕೇಳಲು ಹೋದ ದಿನವೇ ಬಯಲಾಯಿತು.

ಹುಡುಗಿಯ ಹೆಸರು ಲುಲ್ವಾ, ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅವಳ ತಂದೆ ಸಾಧು ಮನುಷ್ಯ. ತಮ್ಮ ಹೆಂಡತಿಯ ತಾಯಿ ಮೋಝಾ ಅಜ್ಜಿಯ ಎದುರು ಕೆಮ್ಮಬೇಕಾದರೂ ಎರಡು ಸಲ ಯೋಚಿಸುವವರು. ಹಾಗಾಗಿ ಮಜ್ಲಿಸ್ ಎಂಬ ಪಡಸಾಲೆಯಲ್ಲಿ ವಧುವಿಗೆ ಸಲ್ಲಬೇಕಾದ ಮೆಹರಿನ ಮಾತು ಬಂದಾಗ ಬಾಯಿ ತೆರೆದದ್ದು ಬಾಗಿಲ ಬಳಿ ಕೂತಿದ್ದ ಅಜ್ಜಿಯೇ.

"ಚಿನ್ನ ಗಿನ್ನ ಬೇಡ ಕಣಪ್ಪಾ. ವರ ಕೊಡಬೇಕಾದ್ದು ಏನಿದ್ರೂ ಮನೆ ರೂಪದಲ್ಲಿ ಕೊಡು. ಹುಡುಗಿ ಹೆಸರಿಗೆ ಮನೆ ಬರೀತೀಯಾ?"

ಇಪ್ಪತ್ತು ಜನ ಗಂಡಸರು ಕಾಫಿ ಬಟ್ಟಲು ತುಟಿಗಿಡದೆ ಖಲ್ಫಾನನನ್ನೇ ನೋಡಿದರು. ಅಷ್ಟು ಕಣ್ಣುಗಳು ಮೇಲೆ ಬಿದ್ದರೆ ಯಾರಿಗಾದರೂ ಎದೆ ಉಬ್ಬುತ್ತದೆ.

"ಅಷ್ಟೇನಾ ಅಜ್ಜೀ? ಅರಾದ್‌ನಲ್ಲಿ ನನ್ನ ಮನೆ ಇದೆಯಲ್ಲ, ಅದು ಇನ್ಮೇಲೆ ಅವಳದ್ದೇ ಅಂದ್ಕೊಳ್ಳಿ!"

ಮಜ್ಲಿಸ್ ಭಲೇ ಎಂದಿತು. ಹಲ್ವದ ತಟ್ಟೆ ಇನ್ನೊಂದು ಸುತ್ತು ಬಂತು. ಖಲ್ಫಾನ್ ಎರಡು ತುಂಡು ಜಾಸ್ತಿಯೇ ತಿಂದ.

ನಾಲ್ಕನೆಯ ದಿನ ನಿಕಾಹ್ ಮಾಡಿಸಬೇಕಿದ್ದ ಖಾಜಿಗಳು ಫೋನ್ ಮಾಡಿ ಮನೆಯ ಪತ್ರ ಕೇಳಿದರು. ಖಲ್ಫಾನ್ ಬೀರು ತೆರೆದು, ಎಂಟು ವರ್ಷದ ಹಿಂದೆ ಸಹಿ ಹಾಕಿ ಒಳಗಿಟ್ಟಿದ್ದ ಕಡತವನ್ನು ಮೊಟ್ಟಮೊದಲ ಬಾರಿಗೆ ಎರಡನೇ ಪುಟದವರೆಗೂ ಓದಿದ. ಅಲ್ಲಿ ಮಾಲೀಕರು ಅಂತ ಬರೆದ ಕಡೆ ಬ್ಯಾಂಕಿನ ಹೆಸರಿತ್ತು. ಬಾಡಿಗೆದಾರ ಅಂತ ಬರೆದ ಕಡೆ ಅವನ ಹೆಸರಿತ್ತು. ಬೆಂಕಿಗೆ ಹೆದರದ ಮನುಷ್ಯನಿಗೆ ಕೂತಲ್ಲೇ ಬೆವರಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬ್ಯಾಂಕಿನ ಮುಂದೆ ಹಾಜರಾದ. ಅಲ್ಲಿ ಕರಾರುಗಳನ್ನು ನೋಡಿಕೊಳ್ಳುವವಳು ಬುದೂರ್ ಎಂಬ ವಕೀಲೆ. ಕಾನೂನು, ಶರೀಯತ್ ಎರಡನ್ನೂ ಅರೆದು ಕುಡಿದವಳು.

"ಮನೆ ನಿಮ್ದಲ್ಲ ಅಣ್ಣಾ, ನಮ್ದು," ಎಂದಳು, ಕಡತ ನೋಡುತ್ತ. "ಬಡ್ಡಿ ಶರೀಯತ್‌ಗೆ ಒಪ್ಪಲ್ಲ, ಹಾಗಾಗಿ ಬಡ್ಡಿ ಸಾಲ ನಾವು ಕೊಡಲ್ಲ. ಮನೆ ಕೊಂಡ್ಕೊಂಡು ನಿಮಗೆ ಬಾಡಿಗೆಗೆ ಕೊಟ್ಟಿದೀವಿ."

"ಎಂಟು ವರ್ಷದಿಂದ ಬಣ್ಣ ಹೊಡಿಸ್ತಿರೋನು ನಾನಲ್ವಾ!"

"ಬಣ್ಣ ಚೆನ್ನಾಗಿದೆ, ಫೋಟೋದಲ್ಲಿ ನೋಡಿದೀನಿ. ಹೋದ ವರ್ಷ ಚಾವಣಿ ಬಿರುಕು ಬಿಟ್ಟಾಗ ಯಾರು ರಿಪೇರಿ ಮಾಡಿಸಿದ್ದು?"

"ನೀವು."

"ಯಾಕೆ? ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂತು ಅಂತಲಾ? ಮಾಲೀಕರು ನಾವು, ಅದಕ್ಕೆ."

ಖಲ್ಫಾನ್ ತಲೆ ಕೆರೆದುಕೊಂಡ. "ಇನ್ನು ಹನ್ನೆರಡು ವರ್ಷಕ್ಕೆ ನನಗೇ ಕೊಡ್ತೀರಲ್ವಾ? ಅದನ್ನೇ ಈಗ ಬರೆದುಬಿಟ್ರೆ?"

"ಕೊನೇ ಬಾಡಿಗೆ ಆದ್ಮೇಲೆ ಬೇರೇನೇ ಪತ್ರ ಮಾಡಿ ಕೊಡ್ತೀವಿ ಅಂತ ಮಾತು ಕೊಟ್ಟಿದೀವಿ. ಮಾತು ಬೇರೆ, ಮನೆ ಬೇರೆ. ಕೈಯಲ್ಲಿಲ್ಲದ್ದನ್ನ ಮೆಹರ್ ಅಂತ ಕೊಟ್ರೆ ಯಾವ ಖಾಜಿ ಒಪ್ತಾರೆ?"

"ಹಾಗಾದ್ರೆ ನನ್ನ ಕೈಲಿ ಏನಿದೆಯಮ್ಮಾ?" ಅವನ ದನಿ ಈಗ ನಿಜವಾಗಿಯೂ ಇಳಿದಿತ್ತು. ಲುಲ್ವಾ ಅವನಿಗೆ ಬೇಕಾಗಿದ್ದಳು. ಎರಡೇ ಸಲ ಮಾತಾಡಿದ್ದರೂ ಆಕೆ ಇಲ್ಲದ ಮನೆ ಅವನಿಗೆ ಮನೆಯಾಗಿ ಕಾಣುತ್ತಿರಲಿಲ್ಲ.

ಬುದೂರ್ ಕಡತ ಪಕ್ಕಕ್ಕಿಟ್ಟಳು. "ಇದೆ ಅಣ್ಣಾ. ಅಲ್ಲಿ ವಾಸ ಮಾಡೋ ಹಕ್ಕಿದೆ. ಬಾಡಿಗೆ ಕೊಟ್ಟು ಕೊಂಡ್ಕೊಂಡಿದ್ದು, ಅದು ಅಪ್ಪಟ ನಿಮ್ದು. ನಾವು ಒಪ್ಪಿಗೆ ಪತ್ರ ಕೊಟ್ರೆ ಅದನ್ನ ಮೆಹರ್ ಆಗಿ ಬರೀಬಹುದು. ಧರ್ಮಶಾಸ್ತ್ರ ಬಲ್ಲ ಕೆಲವು ಹಿರಿಯರು ಮೂಗು ಮುರೀತಾರೆ, ಬಹಳ ಜನ ಒಪ್ತಾರೆ. ಬಾಡಿಗೆ ಕಟ್ಟೋದು ಮಾತ್ರ ನೀವೇ."

ಒಪ್ಪಿಗೆ ಪತ್ರವೇನೋ ವಾರದೊಳಗೆ ಬಂತು. ಅಜ್ಜಿಗೆ ಹೇಳುವುದು ಹೇಗೆ? ಉರಿಯುವ ವಿಮಾನದೊಳಗೆ ನುಗ್ಗು ಅಂದಿದ್ದರೆ ಖಲ್ಫಾನ್ ಸಂತೋಷದಿಂದ ನುಗ್ಗುತ್ತಿದ್ದ. ಕೊನೆಗೆ ನಿಕಾಹಿನ ಹಿಂದಿನ ದಿನ, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಒಬ್ಬನೇ ಹೋಗಿ ಅಜ್ಜಿಯ ಮುಂದೆ ಕೂತು ಎಲ್ಲವನ್ನೂ ಒದರಿಬಿಟ್ಟ.

"ಅಂದ್ರೆ ಬ್ಯಾಂಕಿನವ್ರ ಮನೇನ ದಾನ ಮಾಡೋಕೆ ಹೊರಟಿದ್ಯಾ? ಇಪ್ಪತ್ತು ಜನರ ಮುಂದೆ? ಭಾರೀ ದಾನಶೂರ ನೀನು!"

"ಗೊತ್ತಿರ್ಲಿಲ್ಲ ಅಜ್ಜೀ. ಆಣೆ ಮಾಡ್ತೀನಿ."

"ಸಹಿ ಹಾಕೋವಾಗ ಕಣ್ಣು ಎಲ್ಲಿಟ್ಟಿದ್ದೆ?"

ಅವನು ತಲೆ ತಗ್ಗಿಸಿದ. ಅಜ್ಜಿ ತನಗೇ ಹೇಳಿಕೊಳ್ಳುವಂತೆ ಮಾತಾಡಿದಳು.

"ನನಗೆ ಇಪ್ಪತ್ತೆರಡು ವರ್ಷ ಆಗ. ಗಂಡ ಇನ್ನೊಬ್ಬಳನ್ನ ತಂದ. ಅಡುಗೆಮನೇಲಿ ಮೀನು ಹುರೀತಿದ್ದೆ. 'ಎದ್ದು ಹೋಗು' ಅಂದ. ಬಾಣಲೆ ಇಳಿಸೋಕೂ ಬಿಡ್ಲಿಲ್ಲ. ಲುಲ್ವಾನ ಅಮ್ಮ ಕಂಕುಳಲ್ಲಿದ್ಲು. ಆಮೇಲೆ ಅಣ್ಣನ ಮನೆ, ಈಗ ಅಳಿಯನ ಮನೆ. ಯಾರೂ ಕೆಟ್ಟೋರಲ್ಲ. ಆದ್ರೂ ಐವತ್ತು ವರ್ಷದಿಂದ ನಾನು ನೆಂಟಳೇ ಕಣೋ."

ಖಲ್ಫಾನ್ ಜೇಬಿನಿಂದ ಒಪ್ಪಿಗೆ ಪತ್ರ ತೆಗೆದು ಅವಳ ಮುಂದಿಟ್ಟ.

"ನನಗೆ ಇಟ್ಟಿಗೆ ಸುಣ್ಣ ಬೇಕಾಗಿರ್ಲಿಲ್ಲ," ಎಂದಳು ಅಜ್ಜಿ. "ಹೇಳು, ಈ ಕಾಗದ ಬರೆದ್ಮೇಲೆ ಅವಳನ್ನ ಹೊರಗೆ ಹೋಗು ಅನ್ನೋಕೆ ನಿನಗೆ ಅಧಿಕಾರ ಇದೆಯಾ?"

ಖಲ್ಫಾನ್ ಬೆರಳು ಮಡಚಿ ಯೋಚಿಸಿದ. "ಇಲ್ಲ ಅಜ್ಜೀ."

"ಬ್ಯಾಂಕಿಗೆ?"

"ಬಾಡಿಗೆ ಕಟ್ತಿರೋವರೆಗೂ ಇಲ್ಲ."

"ಕಟ್ಟೋದು?"

"ನಾನು."

"ಕೆಲಸಕ್ಕೆ ರಜಾ ಗಿಜಾ ಹಾಕ್ಬೇಡ ಮತ್ತೆ," ಎಂದು ಅಜ್ಜಿ ಅವನ ಬಟ್ಟಲಿಗೆ ಕಾಫಿ ಬಗ್ಗಿಸಿದಳು.

ನಿಕಾಹಿನ ದಿನ ಖಾಜಿಗಳು ಮೆಹರಿನ ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಗೋಡೆ ಬ್ಯಾಂಕಿಂದು. ವಾಸ ಹೆಂಡತೀದು. ಮಗಾ, ನಿನಗೇನು ಉಳೀತು?"

"ಬಾಡಿಗೆ," ಎಂದ ಖಲ್ಫಾನ್.

ಮಜ್ಲಿಸ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದೆ ಭಲೇ ಎಂದಿದ್ದ ಇಪ್ಪತ್ತು ಜನರೇ. ಅವನ ಕಿವಿಯವರೆಗೂ ಕೆಂಪೇರಿತು, ಆದರೆ ಅವನೂ ನಕ್ಕ. ಖಾಜಿಗಳು ಒಳಗಿನ ಬಾಗಿಲಿನ ಬಳಿ ಹೋಗಿ ಲುಲ್ವಾಳನ್ನು ಕೇಳಿದರು. "ಪತ್ರ ಪೂರ್ತಿ ಓದಿದೀನಿ. ಒಪ್ಪಿಗೆ," ಎಂದು ಸ್ಪಷ್ಟವಾಗಿ ಉತ್ತರ ಬಂತು.

ಮದುವೆಯ ಊಟ ಮುಗಿದು ಎರಡು ದಿನಕ್ಕೆ, ಹಗಲು ಹತ್ತು ಗಂಟೆಗೆ, ಖಲ್ಫಾನ್ ಲುಲ್ವಾಳನ್ನು ಅರಾದಿನ ಮನೆಗೆ ಕರೆದುಕೊಂಡು ಬಂದ. ಮೊಮ್ಮಗಳನ್ನು ಬಿಟ್ಟುಹೋಗಲು ಅಜ್ಜಿಯೂ ಜೊತೆಗೆ ಬಂದಿದ್ದಳು. ಖಲ್ಫಾನ್ ಡಿಕ್ಕಿಯಿಂದ ಸೂಟ್‌ಕೇಸು ಇಳಿಸುತ್ತಿದ್ದಾಗ ಅಜ್ಜಿ ಮೆಟ್ಟಿಲ ಕೆಳಗೇ ನಿಂತು, "ನಾನು ಹೊರಡ್ತೀನಿ ಮಗಳೇ," ಎಂದಳು.

"ಎಲ್ಲಿಗೆ?" ಎಂದಳು ಲುಲ್ವಾ. "ಕಿಟಕಿ ಪಕ್ಕದ ಕೋಣೆ ನಿನ್ನದು. ಅಪ್ಪನಿಗೆ ಆಗಲೇ ಹೇಳಿದೀನಿ. ನಿನ್ನ ಬಟ್ಟೆ ಆ ಹಸಿರು ಸೂಟ್‌ಕೇಸಲ್ಲಿದೆ."

ಖಲ್ಫಾನ್ ಕೈಯಲ್ಲಿದ್ದ ಹಸಿರು ಸೂಟ್‌ಕೇಸನ್ನು ನೋಡಿದ. ಬಾಯಿ ತೆರೆದ. ವಾಸದ ಹಕ್ಕು ಯಾರದೆಂಬುದು ನೆನಪಾಗಿ ಮುಚ್ಚಿದ. ನಿಜ ಹೇಳಬೇಕೆಂದರೆ ಅವನಿಗೆ ಬೇಜಾರೇನೂ ಆಗಲಿಲ್ಲ, ಖುಷಿಯೇ ಆಯಿತು.

ಅಜ್ಜಿ ಮೊಮ್ಮಗಳ ಕೈಯಿಂದ ಬೀಗದ ಕೈ ತೆಗೆದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿದಳು, ಬಾಗಿಲು ತೆರೆದಳು, ಲುಲ್ವಾಳನ್ನು ಎಳೆದುಕೊಂಡು ಒಳಗೆ ಹೋದಳು. ಆಮೇಲೆ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಬಿಕ್ಕಿದ್ದೂ ಕೇಳಿಸಿತು.

ಖಲ್ಫಾನ್ ಎರಡೂ ಕೈಯಲ್ಲಿ ಸೂಟ್‌ಕೇಸು ಹಿಡಿದು ಬಿಸಿಲಲ್ಲೇ ಕಾದ. ಬಿಕ್ಕುವುದು ನಿಂತು ಇಬ್ಬರೂ ಕಿಲಕಿಲ ನಗತೊಡಗಿದ ಮೇಲೆ ಮೊಣಕೈಯಿಂದ ಬಾಗಿಲು ಬಡಿದ.

"ಯಾರದು?" ಅಜ್ಜಿಯ ದನಿ ಗಟ್ಟಿಯಾಗಿತ್ತು.

"ನಾನು ಅಜ್ಜೀ, ಖಲ್ಫಾನ್. ಒಳಗೆ ಬರಬಹುದಾ?"

"ತಡಿ," ಎಂದಳು ಅಜ್ಜಿ, "ಮನೆಯವರನ್ನ ಕೇಳಿ ಹೇಳ್ತೀನಿ."