ಕಡಲಿಗೆ ಹತ್ತು ಮಾರು ದೂರದ ಧರಣಿ

ದ್ವೀಪಕ್ಕೆ ಹೋಗೋಣ ಎಂದು ಹೊರಡಿಸಿದ್ದು ಸಿಸ್ಟರ್. ನಮ್ಮ ಓದು ಬಳಗದಲ್ಲಿ ಈಗ ಉಳಿದಿರುವವರು ನಾಲ್ವರು: ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿರುವ ಸಿಸ್ಟರ್, ನಿವೃತ್ತರಾದ ಮೇಷ್ಟ್ರು, ಬಸ್ಸಿನ ಕಂಡಕ್ಟರ್ ಮತ್ತು ಬಳಗದ ಮಾಸಪತ್ರಿಕೆಗೆ ಸಂಪಾದಕನಾದ ನಾನು. ಪತ್ರಿಕೆಯ ಮುಖ್ಯ ಲೇಖಕ ನಾನೇ, ಕರಡು ತಿದ್ದುವವನೂ ನಾನೇ. ಓದುಗನೂ ನಾನೇ ಎಂಬುದು ಮಾತ್ರ ಕಂಡಕ್ಟರ್ ಹಬ್ಬಿಸಿದ ಸುದ್ದಿ.

ಸಿಸ್ಟರಿಗೆ ಬೇಕಿದ್ದದ್ದು ಒಂದೇ. ದೋಣಿ ಹತ್ತುವ ಮೊದಲೇ ಹೇಳಿದ್ದಳು: "ನನ್ನ ಕೈಗೆ ಬಿದ್ದ ನೀರೆಲ್ಲ ಕೈ ತೊಳೆಯೋದರಲ್ಲೇ ಹೋಯ್ತು. ಒಂದ್ಸಲ ಸಮುದ್ರದಲ್ಲಿ ಕುತ್ತಿಗೆವರೆಗೂ ನಿಲ್ಲಬೇಕು. ಇವತ್ತು ರಾತ್ರಿ ಪಾಳಿ ಇದೆ, ಸಂಜೆ ದೋಣಿಗೆ ವಾಪಸ್ ಬರಲೇಬೇಕು. ಸಂಪಾದಕರೇ, ನಿಮಗೆ ಕೈ ಮುಗೀತೀನಿ, ಇವತ್ತೊಂದು ದಿನ ಸುಮ್ನಿರಿ."

ಸುಮ್ಮನಿರುತ್ತೇನೆ ಎಂದೆ. ಹಾಗೆ ಹೇಳುವುದಕ್ಕೇ ನನಗೆ ಒಂದಷ್ಟು ಹೊತ್ತು ಹಿಡಿಯಿತು. ಏಕೆಂದರೆ ಮೊದಲು ಮೌನದ ರಾಜಕೀಯವನ್ನು ವಿವರಿಸಬೇಕಿತ್ತು.

ಬೆಳಗ್ಗೆಯೆಲ್ಲ ನೋಡುವ ಜಾಗಗಳಿಗೇ ಹೋಯಿತು. ದೀಪಸ್ತಂಭದ ಮೆಟ್ಟಿಲು ಹತ್ತುತ್ತ ಈ ಕಲ್ಲುಗಳನ್ನು ಹೊತ್ತವರು ಯಾರು ಎಂದು ಕೇಳಿದೆ. ಗೈಡ್ ಯಾವುದೋ ದೊರೆಯ ಹೆಸರು ಹೇಳಿದ. ದೊರೆ ಕಲ್ಲು ಹೊತ್ತದ್ದನ್ನು ನೀನು ಕಂಡಿದ್ದೀಯಾ ಎಂದು ಹಿಡಿದುಕೊಂಡೆ. ಏದುಸಿರು ಬಿಡುತ್ತಲೇ ಭಾಷಣ ಮಾಡಬಲ್ಲವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ. ಮೇಲೆ ತಲುಪಿದಾಗ ಗೈಡ್ ಮುನಿಸಿಕೊಂಡು ಇಳಿದುಹೋಗಿದ್ದ. ಸಿಸ್ಟರ್ ಕೆಳಗೆ ಹೊಳೆಯುತ್ತಿದ್ದ ನೀರನ್ನೇ ನೋಡುತ್ತಿದ್ದಳು.

"ಅಲ್ಲೇ ಅಲ್ವಾ ನಾವು ಹೋಗೋದು?" ಎಂದಳು.

"ಅಲ್ಲೇ. ಆದರೆ ಕೋಟೆ ಬಾಕಿ ಇದೆ," ಎಂದೆ.

ಕೋಟೆಯಲ್ಲೂ ಕಲ್ಲುಗಳಿದ್ದವು.

ಊಟ ಮುಗಿಸಿ ಕಡಲ ಕಡೆ ಬರುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ದೋಣಿಕಟ್ಟೆಯ ಬದಿಯೆಲ್ಲ ಚೂಪು ಬಂಡೆ, ಮೇಲೆ ದೋಣಿಗಳ ಎಣ್ಣೆ. ಇಳಿಯಬಹುದಾದ ಮರಳು ಇದ್ದದ್ದು ಆಚೆಯ ತಿರುವಿನಲ್ಲಿ ಮಾತ್ರ. ಅಲ್ಲೊಂದು ದೊಡ್ಡ ಹೋಟೆಲು. ಅದರ ಗೋಡೆಯಿಂದ ಬಂಡೆಯವರೆಗೆ ಕಬ್ಬಿಣದ ಕಂಬಗಳನ್ನು ನೆಟ್ಟು ನೀಲಿ ಹಗ್ಗ ಎಳೆದಿದ್ದರು. ನಡುವೆ ಬೋರ್ಡು: 'ಅತಿಥಿಗಳಿಗೆ ಮಾತ್ರ'. ಹಗ್ಗದಾಚೆ ಹತ್ತು ಮಾರು ಮರಳು, ಆಮೇಲೆ ಇಡೀ ಸಮುದ್ರ.

ಸೀಟಿ ಹಿಡಿದ ಕಾವಲುಗಾರ ಅಡ್ಡ ಬಂದ. "ಹೊರಗಿನೋರಿಗೆ ಇಲ್ಲ ಸಾರ್."

"ಸಮುದ್ರಕ್ಕೆ ಒಳಗೆ ಹೊರಗೆ ಅಂತ ಇದೆಯೇನಯ್ಯಾ?"

"ನನಗೆ ಗೊತ್ತಿಲ್ಲ ಸಾರ್. ಯಾರಾದ್ರೂ ದಾಟಿದ್ರೆ ಊದು ಅಂದಿದಾರೆ. ಊದ್ತೀನಿ."

ಈಗಲೂ ಹೇಳುತ್ತೇನೆ, ಆ ಹಗ್ಗ ಅನ್ಯಾಯ. ಕಡಲನ್ನು ಹಿತ್ತಲ ಬಾವಿ ಮಾಡಿಕೊಂಡವರ ಮೇಲೆ ನನಗಿರುವ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಆದರೆ ಸಿಟ್ಟು ಬಂದಾಗ ಎಲ್ಲರಿಗೂ ಕೈ ಮುಂದಾದರೆ ನನಗೆ ಮಂಡಿ ಮಡಚುತ್ತದೆ. ಕೂತುಬಿಟ್ಟೆ.

"ಅಯ್ಯೋ, ಕೂತರು!" ಎಂದಳು ಸಿಸ್ಟರ್. ವಾರ್ಡಿನಲ್ಲಿ ರೋಗಿ ಬಿದ್ದಾಗಲೂ ಅವಳು ಹಾಗೆ ಕೂಗುವುದಿಲ್ಲವಂತೆ.

ನಮ್ಮ ಬಳಗಕ್ಕೊಂದು ಕಟ್ಟುಪಾಡಿದೆ. ಒಬ್ಬರು ಧರಣಿ ಕೂತರೆ ಎಲ್ಲರೂ ಕೂರಬೇಕು, ಕೂತ ಮೇಲೆ ಏನಾದರೂ ಗಿಟ್ಟದೆ ಯಾರೂ ಏಳಬಾರದು. ಗ್ರಂಥಾಲಯದ ಫ್ಯಾನಿಗಾಗಿ ಹೀಗೆ ಕೂತಿದ್ದೇವೆ. ಬಸ್ ನಿಲ್ದಾಣದಲ್ಲಿ ಕೂರಲು ಬೆಂಚಿಲ್ಲ ಎಂದು ನೆಲದ ಮೇಲೆ ಎರಡು ದಿನ ಕೂತು, ಬೆಂಚು ಬೇಡವೆಂಬುದನ್ನು ನಾವೇ ಸಾಬೀತು ಮಾಡಿಕೊಟ್ಟಿದ್ದೇವೆ. ಮೇಷ್ಟ್ರು ಮಂಡಿ ಹಿಡಿದುಕೊಂಡು ಕೂತರು. ಕಂಡಕ್ಟರ್ ಕೂತ. ಸಿಸ್ಟರ್ ಬದಲಿ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಡಲಿಗೆ ಮುಖ ಮಾಡಿ ಕೂತಳು.

ನಾನು ಘೋಷಣೆ ಶುರು ಮಾಡಿದೆ. "ಕಡಲು ಯಾರದು?"

"ಎಲ್ಲರದು," ಎಂದರು ಮೂವರೂ, ಹಾಜರಿ ಹೇಳುವ ದನಿಯಲ್ಲಿ.

ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಷ್ಟೇ ಇಸ್ತ್ರಿ ಮಾಡಿದ ನಗು. ಪೊಲೀಸರನ್ನು ಕರೆಸುತ್ತಾನೆ ಎಂದುಕೊಂಡು ನಾನು ಅಂಗಿಯ ತೋಳು ಮಡಚಿದೆ. ಅವನು ಕರೆಸಿದ್ದು ಒಂದು ದೊಡ್ಡ ಕೊಡೆಯನ್ನು. ಅದರ ಹಿಂದೆಯೇ ನಾಲ್ಕು ಕುರ್ಚಿ, ತಣ್ಣನೆಯ ನೀರು ಬಂದವು.

"ಬಿಸಿಲಿದೆ, ಆರಾಮಾಗಿ ಕೂತು ಮಾಡಿ ಸಾರ್," ಎಂದ.

ಕಂಡಕ್ಟರ್ ನನ್ನ ಕಿವಿಗೆ ಬಾಯಿಟ್ಟ. "ಕೊಡೆ ಗಿಟ್ಟಿತಲ್ಲ. ಗೆದ್ವಿ ಅಂತ ಎದ್ದುಬಿಡೋಣ್ವಾ?"

"ಕೊಡೆ ಬರೀ ರಿಯಾಯಿತಿ ಕಣಯ್ಯಾ. ಹಕ್ಕಲ್ಲ."

"ನೆರಳು ಮಾತ್ರ ಹಕ್ಕಿನ ಥರಾನೇ ಇದೆ," ಎಂದು ಅವನು ಕುರ್ಚಿ ಎಳೆದುಕೊಂಡ.

ಅಷ್ಟರಲ್ಲಿ ಹೋಟೆಲಿನ ಅತಿಥಿಗಳು ಒದ್ದೆ ಟವೆಲ್ಲುಗಳಲ್ಲೇ ಹಗ್ಗದ ಹತ್ತಿರ ಬಂದರು. ಜನ ಸೇರಿದ್ದು ಕಂಡು ನನ್ನ ಗಂಟಲು ತೆರೆಯಿತು. ಭೂಮಿ, ಗಾಳಿ, ನೀರು ಎಂದು ಒಂದೊಂದನ್ನೇ ಹಿಡಿದು ಬಂಡವಾಳದ ಜುಟ್ಟು ಅಲ್ಲಾಡಿಸಿದೆ. ಚಪ್ಪಾಳೆ ಬಿತ್ತು. ಒಬ್ಬಾಕೆ ಫೋನು ಚಾಚಿಕೊಂಡು, "ಆ ಮುಷ್ಟಿ ಎತ್ತಿದ್ರಲ್ಲ, ಇನ್ನೊಂದ್ಸಲ ಎತ್ತಿ ಅಂಕಲ್," ಎಂದಳು. ನಾನು ಎತ್ತಿದೆ. ಸ್ವಲ್ಪ ಎಡಕ್ಕೆ ಅಂದಳು. ರಾಜಕೀಯವಾಗಿ ನನಗದು ಒಪ್ಪಿಗೆಯೇ ಆದ್ದರಿಂದ ಎಡಕ್ಕೂ ತಿರುಗಿದೆ. ನಮ್ಮ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತು. ಕಂಡಕ್ಟರ್ ಅಭ್ಯಾಸಬಲದಿಂದ, "ಮುಂದಕ್ಕೆ ಹೋಗಿ, ಹಿಂದೆ ಜಾಗ ಬಿಡಿ," ಎನ್ನತೊಡಗಿದ. ದ್ವೀಪದಲ್ಲಿ ನೋಡುವ ಜಾಗ ಎಂದು ದೀಪಸ್ತಂಭ, ಕೋಟೆ ಎರಡೇ ಇದ್ದವು. ಈಗ ಮೂರನೆಯದು ನಾವು.

ಮ್ಯಾನೇಜರ್ ಕೈ ಹೊಸೆಯುತ್ತ ಮತ್ತೆ ಬಂದ. "ಗೆಸ್ಟುಗಳಿಗೆ ತುಂಬಾ ಇಷ್ಟವಾಗಿದೆ ಸಾರ್. ನಾಳೆನೂ ಇದೇ ಹೊತ್ತಿಗೆ ಕೂರ್ತೀರಾ?"

ನನಗೆ ಮಾತೇ ಹೊರಡಲಿಲ್ಲ. ಬಳಗ ಕಟ್ಟಿದ ಮೇಲೆ ಹಾಗಾದದ್ದು ಅದೇ ಮೊದಲು ಎಂದು ಮೇಷ್ಟ್ರು ಆಮೇಲೆ ಎಲ್ಲರಿಗೂ ಹೇಳಿದರು.

"ಸಂಪಾದಕರೇ," ಎಂದಳು ಸಿಸ್ಟರ್. ದನಿ ಏರಿರಲಿಲ್ಲ. "ದೋಣಿಗೆ ಇನ್ನೆಷ್ಟು ಹೊತ್ತಿದೆ ನೋಡಿ."

ಹೆಚ್ಚಿರಲಿಲ್ಲ. "ಒಂದು ಮನವಿ ಬರೆದುಕೊಡೋಣ," ಎಂದೆ. "ಹಗ್ಗ ತೆಗೀತೀವಿ ಅಂತ ಅವರ ಬಾಯಲ್ಲಿ ಬರಲಿ, ತಕ್ಷಣ ಏಳೋಣ. ಮಧ್ಯದಲ್ಲಿ ಎದ್ದರೆ ಧರಣಿಗೆ ಅವಮಾನ."

"ಧರಣಿಗೆ ಅವಮಾನ ಆಗತ್ತೆ. ನನಗೆ?"

"ನಿನಗೋಸ್ಕರವೇ ಅಲ್ವಾ ಕೂತಿರೋದು!"

"ನನಗೋಸ್ಕರವಾ? ನಾನು ನೀರು ಕೇಳಿದೆ. ನೀವು ಕುರ್ಚಿ ಕೊಡಿಸಿದ್ರಿ."

ಅವಳು ಎದ್ದಳು. ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು, ಹಗ್ಗದ ಹತ್ತಿರ ಹೋದಳು. ತಲೆ ತಗ್ಗಿಸಿ ಕೆಳಗೆ ನುಸುಳಿದಳು. ಅಷ್ಟೇ. ಆ ಹಗ್ಗ ನನ್ನ ಎದೆಮಟ್ಟಕ್ಕಿತ್ತು. ಕರುವೂ ನುಸುಳಬಹುದಾದಷ್ಟು ಸಂದು. ಅದರ ಮುಂದೆ ಕೂತು ನಾನು ಮನುಕುಲದ ಇತಿಹಾಸವನ್ನೆಲ್ಲ ಹೇಳಿದ್ದೆ, ಬಗ್ಗುವುದೊಂದು ಹೊಳೆದಿರಲಿಲ್ಲ. ಸಮುದ್ರ ಎಲ್ಲರದು ಎಂದು ಕೂಗಿ ಕೂಗಿ, ಅದನ್ನು ಮ್ಯಾನೇಜರಿನ ಹತ್ತಿರ ಕೇಳುತ್ತ ಕೂತಿದ್ದೆ.

ಕಾವಲುಗಾರ ಜೋರಾಗಿ ಸೀಟಿ ಊದಿದ. ಸಿಸ್ಟರ್ ತಿರುಗಲಿಲ್ಲ. ಇನ್ನೊಮ್ಮೆ ಊದಿ, ಮ್ಯಾನೇಜರಿಗೆ, "ಊದಿದೀನಿ ಸಾರ್," ಎಂದ. ಫೋನು ಹಿಡಿದ ಅಷ್ಟು ಜನರ ಮುಂದೆ ಹೆಂಗಸಿನ ಕೈ ಹಿಡಿದು ಎಳೆಸುವಷ್ಟು ದಡ್ಡನಲ್ಲ ಆ ಮ್ಯಾನೇಜರ್. ನಗುವಿನ ಇಸ್ತ್ರಿ ಮಾತ್ರ ಸ್ವಲ್ಪ ಸುಕ್ಕಾಯಿತು.

"ಬೇಜಾರು ಮಾಡ್ಕೋಬೇಡಪ್ಪ," ಎಂದು ಮೇಷ್ಟ್ರೂ ಎದ್ದರು. "ಸಿದ್ಧಾಂತದಲ್ಲಿ ನಾನು ನಿನ್ನ ಜೊತೆಗೇ ಇದೀನಿ." ಪಂಚೆ ಎತ್ತಿ ಕಟ್ಟಿ, ಮಂಡಿನೋವನ್ನು ಕುರ್ಚಿಯಲ್ಲೇ ಬಿಟ್ಟವರಂತೆ ಹಗ್ಗದಡಿ ಹಾದುಹೋದರು.

ಕಂಡಕ್ಟರ್ ಹೋದದ್ದು ದೋಣಿಕಟ್ಟೆಯ ಕಡೆಗೆ. "ಅವಳು ಮುಳುಗಿ ಏಳೋವರೆಗೂ ದೋಣಿ ಹಿಡಿದಿಟ್ಟಿರ್ತೀನಿ. ಹೊರಟ ಗಾಡಿ ನಿಲ್ಸೋದು ಒಂದೇ ನಾನು ಕಲ್ತಿರೋ ವಿದ್ಯೆ," ಎಂದು ಓಡಿದ.

ಹೀಗೆ ನಾನೊಬ್ಬನೇ ಜನಸಮೂಹವಾಗಿ ಉಳಿದೆ. ಕಡಲು ಯಾರದು ಎಂದು ಕೇಳಿದೆ. ಉತ್ತರವನ್ನೂ ನಾನೇ ಹೇಳಬೇಕಾಯಿತು. ಅತಿಥಿಗಳು ಚದುರಿದರು. ಮ್ಯಾನೇಜರ್ ಕೊಡೆ ಮಡಚಿಸುತ್ತ, "ಒಬ್ಬರೇ ಆದ್ರೆ ಅಷ್ಟು ಚೆನ್ನಾಗಿ ಕಾಣಲ್ಲ ಸಾರ್," ಎಂದ.

ಎದ್ದೆ. ಚೀಲ ಹೆಗಲಿಗೇರಿಸಿ ಹಗ್ಗದಡಿ ತಲೆ ತೂರಿಸಿದೆ. ತಲೆ ಹೋಯಿತು, ಹೊಟ್ಟೆ ತಡವಾಗಿ ಹೋಯಿತು, ಚೀಲ ಕಂಬಕ್ಕೆ ಸಿಕ್ಕಿಕೊಂಡಿತು. ಜಗ್ಗಿದ ರಭಸಕ್ಕೆ ಕಂಬ, ಹಗ್ಗ, ಬೋರ್ಡು, ನಾನು ಎಲ್ಲರೂ ಒಟ್ಟಿಗೆ ಮರಳಿಗೆ ಬಿದ್ದೆವು. ನೀರಿನಿಂದ ಮೇಷ್ಟ್ರು ಜಯಕಾರ ಹಾಕಿದರು. ಬಾಯಲ್ಲಿ ಮರಳಿದ್ದರೂ ನನ್ನ ತಲೆಯಲ್ಲಿ ಮುಂದಿನ ಸಂಚಿಕೆಯ ಮುಖಪುಟ ಅಚ್ಚಾಯಿತು: ಉರುಳಿತು ಹಗ್ಗ.

ಕಾವಲುಗಾರ ಬಂದು ನನ್ನನ್ನು ಎಬ್ಬಿಸಿ, ಕಂಬವನ್ನು ಮತ್ತೆ ನೆಟ್ಟ. "ಏಟಾಯ್ತಾ ಸಾರ್? ಮೆತ್ತನೆ ಮರಳು, ಗಾಳಿ ಬಂದ್ರೂ ಬೀಳತ್ತೆ," ಎಂದ. ಆಮೇಲೆ ನೆನಪಾಗಿ, ನನಗೂ ಒಂದು ಸೀಟಿ ಊದಿದ.

ಚೀಲವನ್ನು ಒಣ ಮರಳ ಮೇಲಿಟ್ಟು ನೀರಿಗಿಳಿದೆ. ಮಂಡಿ, ಸೊಂಟ, ಎದೆ. ಸಿಸ್ಟರ್ ಅಂದುಕೊಂಡಷ್ಟೇ ಆಳದಲ್ಲಿದ್ದಳು; ತಲೆಯೊಂದೇ ಕಾಣುತ್ತಿತ್ತು. ತೊಳೆದು ತೊಳೆದು ಬಿರಿದ ಎರಡೂ ಕೈಗಳನ್ನು ನೀರಿನ ಮೇಲೆ ಸುಮ್ಮನೆ ಹರಡಿಕೊಂಡಿದ್ದಳು. ಅವು ಏನನ್ನೂ ಉಜ್ಜುತ್ತಿರಲಿಲ್ಲ.

ದೋಣಿ ಕೂಗಿತು. ಅದನ್ನೂ ಮೀರಿ ಕಂಡಕ್ಟರಿನ ದನಿ: "ತಡೀರಿ! ಹತ್ತೋರಿದಾರೆ! ಲೇಡೀಸ್ ಇದಾರೆ!"

"ಹೋಗೋಣ್ವಾ?" ಎಂದರು ಮೇಷ್ಟ್ರು.

"ಇನ್ನೊಂದು ಅಲೆ," ಎಂದಳು.

ಅದು ಬಂದು ಹೋಯಿತು.

"ಇನ್ನೊಂದು."

ಆ ಗಳಿಗೆಗೆ ಏನಾದರೂ ಹೇಳಲೇಬೇಕು ಎನಿಸಿತು ನನಗೆ. ಕ್ಷಮೆ ಕೇಳಬೇಕೆಂದಿದ್ದೆ, ಆದರೆ ನಾನು ಕ್ಷಮೆ ಕೇಳುವುದಕ್ಕೂ ಪೀಠಿಕೆ ಬೇಕು. "ಸಿಸ್ಟರ್, ಈ ಕಡಲು ಅನ್ನೋದು ಇದೆಯಲ್ಲ, ಚಾರಿತ್ರಿಕವಾಗಿ ನೋಡಿದರೆ..."

"ಬಾಯಿ ಮುಚ್ಕೊಳ್ಳಿ ಸಂಪಾದಕರೇ," ಎಂದಳು ಅವಳು, ದಿಗಂತದಿಂದ ಕಣ್ಣು ತೆಗೆಯದೆ. "ದೊಡ್ಡದು ಬರ್ತಿದೆ."

ನಾನಿನ್ನೂ ವಾಕ್ಯ ಮುಗಿಸಿರಲಿಲ್ಲ.