ಮೂರು ತಿಂಗಳ ಸೂಜಿ

ಸೊಂಟದ ನೋವು ಕುರಿಯ ಹಿಂದೆ ಅಲೆದದ್ದರಿಂದಲೇ ಬಂದದ್ದು ಎಂದು ಬಂದಳಿಕೆಯ ಕೆಂಪಪ್ಪ ಒಂದು ಮಳೆಗಾಲವಿಡೀ ತಳ್ಳಿಹಾಕಿದ್ದ. ಉಚ್ಚೆ ಕಟ್ಟಿಕೊಂಡಾಗಲೇ ಅವನು ಆಸ್ಪತ್ರೆಗೆ ಹೋದದ್ದು. ಶಿಕಾರಿಪುರದವರು ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಮೂಳೆಗೂ ಹಬ್ಬಿದೆ ಎಂದರು.

"ಗಂಡಸಿನ ಹಾರ್ಮೋನೇ ಈ ಕಾಯಿಲೆಗೆ ಮೇವು," ಡಾಕ್ಟರು ಬಿಡಿಸಿ ಹೇಳಿದರು. "ಅದನ್ನ ನಿಲ್ಲಿಸ್ಬೇಕು. ಸಣ್ಣ ಆಪರೇಷನ್ ಮಾಡಿ ಬೀಜ ತೆಗೀಬಹುದು. ಇಲ್ಲಾಂದ್ರೆ ಮೂರು ತಿಂಗಳಿಗೊಂದು ಇಂಜೆಕ್ಷನ್."

ಜೊತೆಗೆ ಬಂದಿದ್ದ ಮಗ ಮಹಾಂತೇಶ ತಲೆ ತಗ್ಗಿಸಿದ. ಟಗರುಮರಿಗಳ ಬೀಜ ಒಡೆಯಲು ಸುತ್ತಲಿನವರೆಲ್ಲ ಕೆಂಪಪ್ಪನನ್ನೇ ಕರೆಯುತ್ತಿದ್ದರು. ಆಮೇಲೆ ಟಗರು ಹೇಗೆ ಮೆತ್ತಗಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಸೂಜಿನೇ ಇರ್ಲಿ ಸಾರ್," ಎಂದ ಕೆಂಪಪ್ಪ. ಮನೆಗೆ ಬಂದು, ಕ್ಯಾನ್ಸರೆಂದು ಹೆಂಡತಿ ಗುಡ್ಡಮ್ಮನಿಗೆ ಹೇಳಿದ. ಸೂಜಿ ಏನು ಮಾಡುತ್ತದೆ ಎಂಬುದನ್ನು ಹೇಳಲಿಲ್ಲ. ಬಾಯಿ ಬಿಡಬಾರದೆಂದು ಮಗನಿಂದಲೂ ಮಾತು ತೆಗೆದುಕೊಂಡ.

ನೋವು ಇಳಿಯಿತು. ಆದರೆ ಬೇರೆ ಏನೇನೋ ಶುರುವಾಯಿತು. ತೋಳು ಸೊರಗಿತು, ಮರಿ ಎತ್ತಿದರೆ ಏದುಸಿರು. ಕೂತಲ್ಲೇ ಎದೆಯಿಂದ ಬೆಂಕಿಯಂಥ ಬಿಸಿ ಮುಖಕ್ಕೆ ನುಗ್ಗಿ ಬೆವರು ಸುರಿಯುತ್ತಿತ್ತು. ಅವನು ಹೆಂಡತಿಯ ಪಕ್ಕ ಮಲಗುವುದನ್ನೂ ಬಿಟ್ಟು ಜಗಲಿಗೆ ಚಾಪೆ ಎಳೆದುಕೊಂಡ. ನಾನಿನ್ನು ಯಾವ ಗಂಡಸು ಎಂಬ ಮಾತು ಒಳಗೇ ಕೊರೆಯುತ್ತಿತ್ತು.

ಒಂದು ಬೆಳಗ್ಗೆ, ಚಳಿಗೆ ಊರೆಲ್ಲ ಕಂಬಳಿ ಹೊದ್ದಿರುವಾಗ, ಅವನು ಅಂಗಿ ಕಳಚಿ ಕುರಿದೊಡ್ಡಿಯ ಬೇಲಿಗೆ ಒರಗಿ ನಿಂತಿದ್ದ. ಗುಡ್ಡಮ್ಮ ಒದ್ದೆ ಟವಲ್ ತಂದು ಅವನ ಕತ್ತಿಗೆ ಹಾಕಿದಳು.

"ಎದೆಯಿಂದ ಮ್ಯಾಲಕ್ಕೆ ಏರ್ತೈತಲ್ರೀ? ಆಮೇಲೆ ಮೈ ನಡುಗ್ತೈತೆ?"

"ನಿಂಗ್ಯಾರು ಹೇಳಿದ್ರು? ಮಹಾಂತೇಶನಾ?"

"ಅವನ್ಯಾಕೆ ಹೇಳ್ಬೇಕು? ನಂಗೆ ಮುಟ್ಟು ನಿಂತಾಗ ಹಿಂಗೇ ಆಗಿತ್ತು. ಎರಡು ವರ್ಷ ಬೆಂದೆ."

"ನನಗೊಂದು ಮಾತು ಹೇಳ್ಲಿಲ್ಲ."

"ನೀವೂ ಹೇಳ್ಲಿಲ್ಲಲ್ಲ."

ಕೆಂಪಪ್ಪ ಬೇಲಿ ಹಿಡಿದುಕೊಂಡೇ ಸೂಜಿಯ ವಿಷಯವನ್ನೆಲ್ಲ ಹೇಳಿದ. ಅವಳು ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಅಂದಿನಿಂದ ಅವನ ಚಾಪೆ ಒಳಗೆ ಬಂತು.

ಮರುವರ್ಷ ರಕ್ತಪರೀಕ್ಷೆಯಲ್ಲಿ ಕಾಯಿಲೆ ಮತ್ತೆ ತಲೆಯೆತ್ತಿದ್ದು ಕಂಡಿತು. ಸೂಜಿಯ ಜೊತೆಗೆ ಮಾತ್ರೆ ಕೊಟ್ಟರು. ಅದೂ ಕೆಲಕಾಲ ತಡೆದು ಸೋತಿತು. ಆಗ ಡಾಕ್ಟರು ಹೊಸ ಚಿಕಿತ್ಸೆಯೊಂದರ ಮಾತೆತ್ತಿದರು. ರಕ್ತದೊಳಗೆ ಬಿಟ್ಟ ಔಷಧಿ ಕ್ಯಾನ್ಸರ್ ಕಣಗಳನ್ನೇ ಹುಡುಕಿಕೊಂಡು ಹೋಗಿ, ಅಲ್ಲಿ ಕೂತು ವಿಕಿರಣ ಬಿಡುತ್ತದಂತೆ. ಅದಕ್ಕೆ ಬೆಂಗಳೂರಿಗೆ ಹೋಗಬೇಕು, ಎಲ್ಲರಿಗೂ ಒಗ್ಗುವುದಿಲ್ಲ, ಮೊದಲು ಸ್ಕ್ಯಾನ್ ಆಗಬೇಕು.

"ವಾಸಿ ಆಗ್ತೈತಾ?" ಕೇಳಿದವಳು ಗುಡ್ಡಮ್ಮ. ಈ ಸಲ ಅವಳೂ ಬಂದಿದ್ದಳು.

"ಇಲ್ಲಮ್ಮ. ನೋವು ಕಮ್ಮಿ ಆಗಬಹುದು, ಆಯಸ್ಸು ಸ್ವಲ್ಪ ಹೆಚ್ಚಬಹುದು. ಎಷ್ಟು ಅಂತ ನಾನು ಹೇಳಲಾರೆ."

ಕೆಂಪಪ್ಪ ಹೆಂಡತಿಯ ಮುಖ ನೋಡಿದ. "ನೀನೇನಂತೀಯ?"

"ಹೋಗಣ."

ಚಿಕಿತ್ಸೆ ಒಗ್ಗುತ್ತದೆಂದು ಸ್ಕ್ಯಾನಿನಲ್ಲಿ ಕಂಡಿತು. ಬೆಂಗಳೂರಿನಲ್ಲಿ ಮೊದಲ ಸುತ್ತು ಮುಗಿಸಿ ಕಳಿಸುವಾಗ, ಕೆಲವು ದಿನ ಮಕ್ಕಳ, ಬಸುರಿಯರ ಹತ್ತಿರ ಸುಳಿಯಬೇಡಿ, ಉಳಿದವರೂ ದೂರವೇ ಕೂರಲಿ ಎಂದಿದ್ದರು. ಹಾಗಾಗಿ ಕೆಂಪಪ್ಪ ಅಂಗಳದ ಆ ತುದಿಗೆ ಕೂತಿದ್ದ, ಗುಡ್ಡಮ್ಮ ಈ ತುದಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವನಿಗೆ ಬಾಯಿ ಒಣಗುತ್ತಿತ್ತು, ಮೈಯೆಲ್ಲ ಸುಸ್ತು. ಸೊಂಟ ಮಾತ್ರ ಕೊಂಚ ಹಗುರಾಗಿತ್ತು. ಮುಂದಿನ ಸುತ್ತಿಗೆ ಇನ್ನೂ ವಾರಗಳಿದ್ದವು. ಮಹಾಂತೇಶ ಕುರಿ ಹೊಡೆದುಕೊಂಡು ಹೋದ ಮೇಲೆ ಕೆಂಪಪ್ಪ ಗಟ್ಟಿಯಾಗಿಯೇ ಹೇಳಿದ, ಅಷ್ಟು ದೂರಕ್ಕೆ ಕೇಳಬೇಕಲ್ಲ.

"ನಂಗೆ ಹೆದರಿಕೆ ಆಗ್ತೈತೆ ಗುಡ್ಡಿ."

ಅವಳ ಕೈ ನಿಂತಿತು.

"ನಂಗೂ ಆಗ್ತೈತ್ರೀ," ಎಂದಳು.